ಮಂಗಳವಾರ, ಹನ್ನೊಂದು ದಿನ

ಹೆಬ್ಬಾಳಿನ ಕೈಗಾರಿಕಾ ಬಡಾವಣೆಯಲ್ಲಿ
ಅಗರಬತ್ತಿ ಗೋದಾಮಿನ ಮೇಲಿನ ಮಹಡಿ ನಮ್ಮ ಆಫೀಸು.
ಎಷ್ಟು ಒರೆಸಿದರೂ ಕೀಬೋರ್ಡಿಗೆ ಊದುಬತ್ತಿ ವಾಸನೆ.
ಅಲ್ಲಿ ಕೂತು ನಾನು
ಬ್ರಿಟನ್ನಿನ ಸಾರ್ವಜನಿಕ ವಾಹಿನಿಯೊಂದರ
ಒಂದೇ ಒಂದು ದಿನಕ್ಕೆ ಅಕ್ಷರ ಹಾಕುತ್ತಿದ್ದೆ:
ಎಂಬತ್ಮೂರನೇ ಇಸವಿಯ ಯಾವುದೋ ಮಂಗಳವಾರ,
ಬೆಳಗಿನ ಪಾಠದಿಂದ ನಡುರಾತ್ರಿ ಕದ ಮುಚ್ಚುವ ತನಕ.
ಅವರ ಒಂದು ದಿನ
ನನಗೆ ಹನ್ನೊಂದು ದಿನ ಹಿಡಿಯಿತು.

ಕಿವಿ ಕೇಳದವರಿಗೆ ಇದು.
ಮಾತು ಸುಲಭ, ಅವರ ಬಾಯಿಂದ ಬಂದದ್ದು ನನ್ನ ಬೆರಳಿಗೆ ಬರುತ್ತೆ.
ಮಾತಲ್ಲದ್ದೇ ಕಷ್ಟ.
ಅದನ್ನೆಲ್ಲ ಚೌಕ ಕಂಸದೊಳಗೆ ಕೂರಿಸಬೇಕು,
ಮೂರು ಪದ ಮೀರಬಾರದು, ಅಲಂಕಾರ ಕೂಡದು,
ಅಂತ ಗೋಡೆಗೆ ಅಂಟಿಸಿದ ನಿಯಮ.

ಬೆಳಿಗ್ಗೆ ಗಡ್ಡದ ಮೇಷ್ಟ್ರು, ಕಂದು ಟೈ, ಗಣಿತ.
ಬರೆದೆ: ಸೀಮೆಸುಣ್ಣ ಕಿರುಗುಟ್ಟುತ್ತದೆ.
ಆಮೇಲೆ ಶಾಲೆ ಮಕ್ಕಳಿಗೆ ಕಪ್ಪೆಮೊಟ್ಟೆ.
ಆಮೇಲೆ ಒಬ್ಬಾಕೆ ಮೂತ್ರಪಿಂಡ ತುಂಬಿದ ಕಡುಬು ಬೇಯಿಸಿ
ಇಷ್ಟೇ ನೋಡಿ ಅಂದಳು.
ಇಷ್ಟೇ ಅಂತೆ! ಉಪ್ಪು ಹಾಕಿದ್ದು ನಾ ಕಾಣೆ.

ಮಧ್ಯಾಹ್ನ ಎರಡು ಗಂಟೆ ಕಾಲ ಹಸಿರು ಮೇಜು, ಬಣ್ಣದ ಚೆಂಡು.
ವಿವರಣೆ ಕೊಡುವವನು
ಮಲಗಿದ ಮಗುವಿನ ಪಕ್ಕ ಕೂತವನ ಹಾಗೆ ಪಿಸುಗುಟ್ಟುತ್ತಾನೆ.
ಟಕ್. ಟಕ್. ಯಾರೋ ಕೆಮ್ಮಿದರು.
ಪಕ್ಕದ ಸೀಟಿನ ಜೆಸಿಂತಾ ಅಂದಳು,
"ಕೆಮ್ಮಿದವನು ಇದ್ದಾನೋ ಇಲ್ಲವೋ,
ಕೆಮ್ಮು ಮಾತ್ರ ಉಳೀತು ನೋಡು."

ಕುರಿ ಕಾಯುವ ನಾಯಿಗಳ ಪಂದ್ಯ.
ಮುದುಕ ಶಿಳ್ಳೆ ಹಾಕಿದರೆ ಎಡಕ್ಕೆ,
ಇನ್ನೊಂದು ಥರ ಹಾಕಿದರೆ ಬಲಕ್ಕೆ.
ಎರಡಕ್ಕೂ ನನ್ನ ಹತ್ತಿರ ಒಂದೇ ಪದ.
ನಾಯಿಗೆ ಗೊತ್ತಿದ್ದದ್ದು ನನಗೆ ಬರೆಯಲು ಬರಲಿಲ್ಲ.

ಹವಾಮಾನದವನು ಭೂಪಟಕ್ಕೆ ಅಂಟಿಸಿದ ಅಯಸ್ಕಾಂತದ ಮೋಡ
ಜಾರಿ ನೆಲಕ್ಕೆ ಬಿತ್ತು.
ಬರೆದೆ: ಮೋಡ ಬೀಳುವ ಸದ್ದು.
ಮೇಲ್ವಿಚಾರಕ ಶ್ರೀಕಂಠಸ್ವಾಮಿ ಕೆಂಪು ಗೆರೆ ಎಳೆದರು, ಅಲಂಕಾರ ಅಂತ.
ಬಿದ್ದದ್ದು ಮೋಡವೇ ಸಾರ್, ಅಂದೆ.
ಕೇಳಲಿಲ್ಲ.

ರಾತ್ರಿಯ ನಾಟಕದಲ್ಲಿ ಗಂಡ ಹೆಂಡತಿ
ಊಟದ ಮೇಜಿನಲ್ಲಿ ಒಂಬತ್ತು ನಿಮಿಷ ತುಟಿ ಬಿಚ್ಚಲಿಲ್ಲ.
ಖಾಲಿ ಬಿಟ್ಟರೆ ನೋಡುವವರು ಯಂತ್ರ ಕೆಟ್ಟಿತು ಅಂದುಕೊಳ್ಳುತ್ತಾರೆ,
ಅದಕ್ಕೆ ಬರೆದೆ: ಮೌನ.
ನಮಗೆ ನಿಮಿಷದ ಲೆಕ್ಕ. ಮೌನಕ್ಕೂ ಕೂಲಿ ಉಂಟು.

ಒಂದು ಹೇಳುವುದು ಬಿಟ್ಟೆ. ಸಂಜೆಯ ವಾರ್ತೆ.
ಎಲ್ಲೋ ರೈಲುಬೋಗಿ ಕಾರ್ಖಾನೆ ಮುಚ್ಚುತ್ತಿದ್ದಾರೆ,
ಕೊನೆಯ ಪಾಳಿಯವರು ಗೇಟು ದಾಟುತ್ತಿದ್ದಾರೆ,
ಒಳಗೆ ಯಾರೋ ಇನ್ನೂ ರಿವೆಟ್ ಹೊಡೆಯುತ್ತಲೇ ಇದ್ದಾರೆ.
ಕೈ ನಿಂತಿತು.

ಆ ಮಂಗಳವಾರ
ಅಶೋಕಪುರಂನ ರೈಲ್ವೆ ವರ್ಕ್‌ಶಾಪಿನಲ್ಲಿ
ನಮ್ಮಪ್ಪ ಪುಟ್ಟಮಾದಯ್ಯ, ಇಪ್ಪತ್ತಾರು ವರ್ಷ,
ಕಿವಿಗೊಂದು ಚೂರು ಹತ್ತಿಯೂ ಇಲ್ಲದೆ
ತಗಡಿನ ಪಕ್ಕ ಸುತ್ತಿಗೆ ಎತ್ತಿರಬೇಕು.
ಆ ಮಂಗಳವಾರ ಅಪ್ಪನಿಗೆ ಕಿವಿ ಕೇಳುತ್ತಿತ್ತು.
ಅವ್ವ ಕರೆದರೆ ತಿರುಗುತ್ತಿದ್ದ.
ನಾನು ಹುಟ್ಟುವ ಹೊತ್ತಿಗೆ ಅರ್ಧ ಹೋಗಿತ್ತಂತೆ.
ನನ್ನ ಮೊದಲ ಅಳು ಅವನಿಗೆ ಎಷ್ಟು ಕೇಳಿಸಿತೋ
ನಾನು ಕೇಳಿಲ್ಲ.

ಸುತ್ತಿಗೆಯ ಸದ್ದು, ಅಂತಷ್ಟೇ ಬರೆದು ಮುಂದೆ ಹೋದೆ.

ಹನ್ನೊಂದನೇ ದಿನ ವಾಹಿನಿ ಮಲಗುವ ಹೊತ್ತು.
ಗಡಿಯಾರ ತೋರಿಸಿ, ಶುಭರಾತ್ರಿ ಹೇಳಿ, ಅವರ ರಾಷ್ಟ್ರಗೀತೆ ಮುಗಿಸಿ
ಕಪ್ಪು ಪರದೆ. ಸ್ವಲ್ಪ ಹೊತ್ತು ಏನೂ ಇಲ್ಲ.
ಆಮೇಲೆ ಕುಂಯ್ ಎಂದು ಒಂದೇ ಸಮನೆ ಒಂದು ಧ್ವನಿ,
ಕುರ್ಚಿಯಲ್ಲೇ ನಿದ್ದೆ ಹೋದವರನ್ನು ಎಬ್ಬಿಸಲು:
ಏಳಿ, ಸೆಟ್ಟು ಆರಿಸಿ.

ಮನೆಗೆ ಬಂದೆ. ಅಪ್ಪ ಟಿವಿಯ ದನಿ ಪೂರ್ತಿ ಇಳಿಸಿ
ಚರ್ಚೆ ನೋಡುತ್ತಿದ್ದ. ನಾಲ್ಕು ಜನ ಬಾಯಿ ಬಡಿದುಕೊಳ್ಳುತ್ತಿದ್ದರು,
ಕೆಳಗೆ ಓಡುವ ಪಟ್ಟಿಯಲ್ಲಿ ಚಿನ್ನದ ದರ.
ಹಳೇ ಕ್ಯಾಲೆಂಡರಿನ ಬೆನ್ನಿಗೆ ಬರೆದು ತೋರಿಸಿದೆ
ಆ ಕೊನೆಯ ಧ್ವನಿಯ ಸಮಾಚಾರ.
ಕನ್ನಡಕ ಏರಿಸಿ ಓದಿದ. ನಕ್ಕ.

"ಅದಾ? ಅದು ನಂಗೆ ದಿನಾ ಕೇಳ್ತದೆ ಕಣವ್ವಾ.
ಕುಂಯ್ ಅಂತ. ರಾತ್ರಿ ಹೊತ್ತು ಜಾಸ್ತಿ."

ಎದ್ದು ಹೋಗಿ ಟಿವಿ ಆರಿಸಿದ.
ಒಂದು ಗಳಿಗೆ ತಲೆ ವಾರೆ ಮಾಡಿ ನಿಂತ.
ಇನ್ನೂ ಇದೆ, ಅಂತ ಬೆರಳಲ್ಲಿ ತೋರಿಸಿದ.