ಎಂಟು ಬಾಯಿ

ಬೆಟಗೇರಿಯ ನಮ್ಮ ಛಾಪಖಾನೆಯಲ್ಲಿ
ಕಂಪ್ಯೂಟರ್ ನಾಲ್ಕು, ಪ್ರಿಂಟರ್ ಒಂದು.
ಒಂದರ ಗುರುತು ಒಂದಕ್ಕಿಲ್ಲ.
ಮುಂದಿನ ಕೋಣೆಯಲ್ಲಿ ಹುಟ್ಟಿದ ಲಗ್ನಪತ್ರಿಕೆ
ಹಿಂದಿನ ಕೋಣೆಗೆ ತಿದ್ದುಪಡಿಗೆ ಹೋಗುವುದು
ನನ್ನ ಸೆರಗಿನ ತುದಿಗೆ ಗಂಟು ಹಾಕಿದ ಪೆನ್‌ಡ್ರೈವಿನಲ್ಲಿ.
ದಿನಕ್ಕೆ ನಲವತ್ತು ಸಲ ಹೊಸ್ತಿಲು ದಾಟುತ್ತೇನೆ.
"ನೀವ ನೋಡ್ರಿ ನಮ್ಮ ನೆಟ್‌ವರ್ಕು" ಎಂದು
ಕಟಿಂಗ್ ಮಷಿನ್ನಿನ ಹುಡುಗ ನಗುತ್ತಾನೆ.

ಒಂದು ದಿನ ಗಂಟಿನಲ್ಲಿ ಹಳೆಯ ಫೈಲೇ ಉಳಿದು
ಹೊಂಬಳದ ಮದುವಣಿಗನ ಸತ್ತ ಅಜ್ಜ
ಏಳುನೂರು ಪ್ರತಿಗಳಲ್ಲಿ ಚಿರಂಜೀವಿಯಾದ.

"ವೈಫೈ ಹಾಕ್ಸೂಣು, ತಂತಿ ಗೊಡವಿ ಬ್ಯಾಡ" ಎಂದರು ಮಾಲೀಕರು.
ಫೋನು ಹಿಡಿದು ನಡೆದು ನೋಡಿದೆ:
ಮೇಜಿನ ಹತ್ತಿರ ನಾಲ್ಕು ಗೆರೆ,
ಎರಡು ಮೊಳ ದಪ್ಪದ ಕಲ್ಲುಗೋಡೆಯ ಆಚೆ ಒಂದು,
ಕಾಗದದ ರಿಮ್ಮುಗಳ ಹಿಂದೆ ಅದೂ ಇಲ್ಲ.

ಅಟ್ಟದ ಮೇಲೊಂದು ಹಳೆಯ ಹಬ್ ಇತ್ತು,
ಯಾವುದೋ ಬ್ಯಾಂಕಿನ ಹರಾಜಿನದು.
ಚೀಲದಲ್ಲಿ ಹಾಕಿಕೊಂಡು ಹುಬ್ಬಳ್ಳಿಗೆ ಹೋದೆ.
ಅಂಗಡಿಯವ ಅದನ್ನು ಮುಟ್ಟಲೂ ಇಲ್ಲ.
"ಒಬ್ಬಗ ಹೇಳೂದನ್ನ ಓಣಿಗೆಲ್ಲಾ ಒದರತೈತಿರೀ ಇದು.
ಸ್ವಿಚ್ ಒಯ್ರಿ. ಯಾರ ಮಾತು ಅವರ ಕಿವಿಗೆ."
ನಮ್ಮ ಓಣಿ ನೆನಪಾಗಿ
ಮರುಮಾತಿಲ್ಲದೆ ಒಪ್ಪಿದೆ.

"ಐದು ಬಾಯಿದೋ, ಎಂಟು ಬಾಯಿದೋ?"
ನಾಲ್ಕು ಮತ್ತು ಒಂದು, ಐದು.
ಲೆಕ್ಕ ಇಷ್ಟು ಸರಿಯಾಗಿ ಕೂತರೆ ನನಗೆ ಹೆದರಿಕೆ.
ಐದೇ ಗಂಗಾಳ ಇರುವ ಮನೆಗೆ
ಆರನೆಯವರು ಬಂದೇ ಬರುತ್ತಾರೆ, ಅದೂ ಉಣ್ಣುವ ಹೊತ್ತಿಗೆ.
ನಾನೂರು ರೂಪಾಯಿ ಹೆಚ್ಚಾಗುತ್ತದೆಂದು
ಮಾಲೀಕರಿಗೆ ಫೋನು ಮಾಡಿದೆ. ಎತ್ತಲಿಲ್ಲ.
ಎಂಟರದ್ದನ್ನೇ ತೆಗೆದುಕೊಂಡೆ.

ತಂತಿಯ ಸುರುಳಿ ಎರಡು, ಎರಡೂ ನೀಲಿ,
ಒಂದರ ಬೆಲೆ ಇನ್ನೊಂದರ ಅರ್ಧ.
ಬ್ಲೇಡು ಕೇಳಿ ಇಸಕೊಂಡು ಕೆರೆದೆ.
ಅಗ್ಗದ್ದರ ಕೆಂಪು ಉಗುರಿನಷ್ಟೂ ಆಳವಿರಲಿಲ್ಲ,
ಕೆಳಗೆ ಬೆಳ್ಳಗೆ ಅಲ್ಯುಮಿನಿಯಂ.
ಇನ್ನೊಂದನ್ನು ಕೆರೆದೆ, ಮತ್ತೆ ಕೆರೆದೆ,
ತಾಮ್ರ, ತಾಮ್ರ.
"ಬಂಗಾರದಂಗಡಿಯವ್ರೇನ್ರಿ?" ಎಂದ.
ಅಲ್ಲ, ಪ್ರೂಫ್ ನೋಡುವವಳು.

ಆದಿತ್ಯವಾರ ಅವನ ಹುಡುಗ ಬಂದು
ಗೋಡೆಗೆ ಮೊಳೆ ಬಡಿದು ತಂತಿ ಎಳೆದ.
ಮೂರು ದೀಪ ಹತ್ತಿದವು. ಹಿಂದಿನ ಕೋಣೆಯದು ಹತ್ತಲಿಲ್ಲ.
ಸ್ವಿಚ್ಚೇ ಕೆಟ್ಟಿದೆ ಎಂದ, ಕಂಪ್ಯೂಟರೇ ಹಳೆಯದು ಎಂದ,
ಕೊನೆಗೆ ಗೋಡೆಯನ್ನೂ ಬೈದ.

ಇಮಾಮಸಾಬ ಮುಳಗುಂದ ಅವರು
ಮೂಲೆಯಲ್ಲಿ ಫಾರಂ ಮಡಿಸುತ್ತ ಕೂತಿದ್ದರು.
ಅವರದು ಬೇರೆ ಮೊಳೆಯ ಕಾಲ;
ಸೀಸದ ಅಕ್ಷರ ಮಗ್ಗುಲು ತಿರುಗಿ ನಿಂತರೂ
ಹೆಸರು ಹಿಡಿದು ಕರೆಯುತ್ತಿದ್ದವರು.
ಮೊಳೆಯೆಲ್ಲ ತೂಕಕ್ಕೆ ಹೋದ ದಿನದಿಂದ
ಮಡಿಸುವುದು, ಹೊಲಿಯುವುದು, ಸುಮ್ಮನಿರುವುದು.
ಎದ್ದು ಬಂದು ತಂತಿಯ ತುದಿಯನ್ನು ಬೆಳಕಿಗೆ ಹಿಡಿದರು,
ಪಾರದರ್ಶಕ ಮೂತಿಯೊಳಗೆ ಎಂಟು ಎಳೆ.
ತುಟಿ ಅಲ್ಲಾಡಿಸುತ್ತ ಓದಿದರು:
ಬಿಳಿಗೇಸರಿ, ಕೇಸರಿ, ಬಿಳಿಹಸಿರು, ನೀಲಿ,
ಬಿಳಿನೀಲಿ, ಹಸಿರು, ಬಿಳಿಕಂದು, ಕಂದು.
ಇನ್ನೊಂದು ತುದಿಗೆ ನಡೆದು ಅದನ್ನೂ ಓದಿದರು.
"ತಮ್ಮಾ, ಇದು ತಿರುವುಮುರುವು ಕೂತೈತಿ.
ಚಿಮಟಿ ಮ್ಯಾಲ ಮಾಡಿ ಹಿಡದೀ ನೀ."

ಹುಡುಗ ಕತ್ತರಿಸಿದ. ಮತ್ತೆ ಸುಲಿದ, ಜೋಡಿಸಿದ,
ಕಚ್ಚುವ ಮುಂಚೆ ಅವರಿಗೆ ತೋರಿಸಿದ.
ಅವರು ಹೂಂ ಎಂದರು.
ನಾಲ್ಕನೆಯ ದೀಪ ಹಸಿರಾಗಿ ಕಣ್ಣು ಮಿಟುಕಿಸಿತು.

ಮೊದಲು ಹೋದದ್ದು ಹೊಂಬಳದ ಪತ್ರಿಕೆ,
ಎರಡನೆಯ ಸಲ, ನಮ್ಮದೇ ಖರ್ಚಿನಲ್ಲಿ.
ಅಜ್ಜ ಈ ಬಾರಿ ನೆಟ್ಟಗೆ ತೀರಿಕೊಂಡಿದ್ದ.
ಖಾಲಿ ಮೂರು ಬಾಯಿಗೆ ಕಾಗದದ ಧೂಳು ಹೊಕ್ಕದಂತೆ
ಇಮಾಮಸಾಬರು ಪಟ್ಟಿ ಹಚ್ಚಿ
ಹಳೆಯ ಕೈಬರಹದಲ್ಲಿ ಬರೆದರು: ಆರು, ಏಳು, ಎಂಟು.

ಸೋಮವಾರ ಒಂದು ಪುಟ ಮುಗಿಸಿ ಎದ್ದೆ,
ಕೈ ಸೆರಗಿನ ತುದಿಗೆ ಹೋಯಿತು,
ಹೊಸ್ತಿಲು ದಾಟಿ ಒಳಗೆ ನಿಂತೆ.
ಪುಟ ನನಗಿಂತ ಮೊದಲೇ ಅಲ್ಲಿತ್ತು.
ಇಮಾಮಸಾಬರು ತಲೆಯೆತ್ತಿ ನೋಡಿದರು:
"ಯಾಕ್ರೀ ಅಕ್ಕಾರ, ಚಾ ಬಂತೇನು?"