ತೊಳೆದ ನೀರು

ಸೂ ಸೆಂಟರ್, ಐಯೊವಾ. ಫೆಬ್ರವರಿ.
ಬೆಳಗಿನ ಆರೂವರೆಗೆ ಲ್ಯಾಬಿನ ಹಿಂಬಾಗಿಲಿಗೆ
ವರ್ಲಿನ್ ಹೂಕ್‌ಸ್ಟ್ರಾನ ಪಿಕಪ್ಪು ಬಂದು ನಿಂತಿತು.
ಇಂಜಿನ್ ಆರಿಸಲಿಲ್ಲ ಆತ. ಮೈನಸ್ ಇಪ್ಪತ್ತೆರಡು;
ಆರಿಸಿದರೆ ಮತ್ತೆ ಹೊತ್ತಿಕೊಳ್ಳುವ ಭರವಸೆಯಿಲ್ಲ.

ತಂಪುಪೆಟ್ಟಿಗೆಯಲ್ಲಿ ಮೂರು ಮರಿ.
ಕಿವಿಯಂಚು ನೀಲಿ, ಯಾರೋ
ಶಾಯಿ ಬೆರಳಲ್ಲಿ ಹಿಂಡಿ ಬಿಟ್ಟ ಹಾಗೆ.
‘ಹನ್ನೊಂದು ಕಂದು ಹಾಕಿದವು,’ ಅಂದ.
‘ನಿನ್ನೆಯಿಂದ ಎಣಿಸಿಲ್ಲ. ಯೂಸೇಬಿಯೊ ಎಣಿಸುತ್ತಿದ್ದಾನೆ.’

ಶ್ವಾಸನಾಳಕ್ಕೆ ಉಪ್ಪುನೀರು ಸುರಿಯುತ್ತೇನೆ.
ಎರಡೂ ಅಂಗೈ ನಡುವೆ ಶ್ವಾಸಕೋಶವನ್ನು ನಾದುತ್ತೇನೆ
ಬಾಣಂತಿಕೋಣೆಯಲ್ಲಿ ಕೂಸಿನ ಬೆನ್ನಿಗೆ ಎಣ್ಣೆ ತಿಕ್ಕುವಷ್ಟೇ
ಭಾರ ಹಾಕಿ. ಹೆಚ್ಚಾದರೆ ಹರಿಯುತ್ತದೆ.
ಮತ್ತೆ ಹೀರಿ ತೆಗೆಯುತ್ತೇನೆ:
ನೊರೆನೊರೆ, ಗಂಜಿತಿಳಿಯ ಬಣ್ಣ.

ಇದರಲ್ಲಿರಬೇಕು ಅವು.
ಪುಸ್ತಕ ಮ್ಯಾಕ್ರೊಫೇಜ್ ಅನ್ನುತ್ತದೆ,
ನಾನು ಹೊಟ್ಟೆಬಾಕರು ಅನ್ನುತ್ತೇನೆ.
ಜೋಳದ ಧೂಳು, ಬೂಷ್ಟಿನ ಬೀಜ, ಸತ್ತ ನೆರೆಯವರು,
ಉಸಿರಿನ ಜೊತೆ ಬಂದದ್ದೆಲ್ಲ ನುಂಗಿ ಅರಗಿಸಿ
ಮುಂದಿನ ಉಸಿರಿಗೆ ಅಂಗಳ ಗುಡಿಸಿಡುವವರು.
ಬೇಡ ಎನ್ನುವ ಬಾಯಿ ಅವಕ್ಕಿಲ್ಲ.

ಅಷ್ಟನ್ನು ತಿಳಿದುಕೊಂಡೇ ಬಂತು ಅದು.
ಬರೀ ಹದಿನೈದು ಸಾವಿರ ಅಕ್ಷರದ ಓಲೆ,
ಸುತ್ತ ಒಂದಿಷ್ಟು ಕೊಬ್ಬು.
ಕದ ಒಡೆಯಲಿಲ್ಲ, ಗೋಡೆ ಕೊರೆಯಲಿಲ್ಲ,
ತುತ್ತಾಗಿ ಬಂತು.
ನುಂಗಿದವು.

ಚೀಲದೊಳಗೆ ಹುಳಿ ಏರುವ ಹೊತ್ತಿಗೆ
ಬೀಗ ಸಿಕ್ಕಿತು: ಸಿಡಿ ನೂರ ಅರವತ್ತಮೂರು.
(ಅರವತ್ತಮೂರು ಎಂದರೆ ಸಾಕು, ನಮ್ಮಜ್ಜಿ
ಪುರಾತನರ ನೆನೆದು ಕೈ ಮುಗಿಯುತ್ತಿದ್ದಳು.)
ಒಡೆದ ನೆತ್ತರಕಣದಿಂದ ಚೆಲ್ಲಿದ ಕೆಂಪನ್ನು
ಬಳಿದುಕೊಳ್ಳಲೆಂದು ಇಟ್ಟುಕೊಂಡ ಕೈ ಅದು.
ಆ ಕೈಯನ್ನೇ ಹಿಡಿದು
ಓಲೆ ಚೀಲದಿಂದ ಹೊರಬಿತ್ತು, ಒಳಮನೆಗೆ.
ಓದಿಕೊಂಡಿತು ಕೋಶ, ತನಗೇ ಬರೆದ ಕಾಗದವೆಂಬಂತೆ,
ನಕಲು ತೆಗೆಯತೊಡಗಿತು.

ಬೇಲಿಯೇ ಎದ್ದು ಹೊಲ ಮೇಯ್ದರೆ ಎನ್ನುತ್ತಾರೆ.
ಇಲ್ಲಿ ಬೇಲಿ ಏನನ್ನೂ ಮೇಯಲಿಲ್ಲ.
ಬೇಲಿಯನ್ನೇ ಮೊದಲು ಮೇಯ್ದರು;
ಹೊಲಕ್ಕೆ ಆಮೇಲೆ ಯಾರು ಬೇಕಾದರೂ ಬರಬಹುದಿತ್ತು,
ಬಂದರು ಕೂಡ. ತಟ್ಟೆಯ ಮೇಲೆ ಬ್ಯಾಕ್ಟೀರಿಯಾ
ಮೂರು ಬಗೆಯವು ಬೆಳೆದಿವೆ, ಜಾತ್ರೆಗೆ ಬಂದವರಂತಲ್ಲ,
ಯಜಮಾನನಿಲ್ಲದ ಮನೆಗೆ ನುಗ್ಗಿದವರಂತೆ.

ಪ್ರತಿಕಾಯಗಳು? ಬರುತ್ತವೆ, ತಡವಾಗಿ.
ಮೊದಮೊದಲು ಬಂದವು ವೈರಸ್ಸಿಗೆ ಬೇಡಿ ಹಾಕುವ ಬದಲು
ಕೆಲವೊಮ್ಮೆ ತೋಳು ಹಿಡಿದು
ಹೊಟ್ಟೆಬಾಕರ ಬಾಗಿಲಿಗೇ ಬಿಟ್ಟುಬರುತ್ತವೆ.
ಇದನ್ನು ವರ್ಲಿನ್‌ಗೆ ಹೇಳಲಿಲ್ಲ.

ಗಾಜಿನ ಚೌಕಗಳಲ್ಲಿ ಎಣಿಸಿದೆ.
ನಾಲ್ಕು ಮೂಲೆ, ಕೈಯಲ್ಲಿ ಟಿಕ್ ಟಿಕ್ ಯಂತ್ರ.
ನೂರಾರು ಇರಬೇಕಾದಲ್ಲಿ ಹದಿನೇಳು.
ಹದಿನೇಳರಲ್ಲೂ ಐದು ಊದಿ ಅಂಚು ಹರಿದವು.
ಬಣ್ಣ ಹಾಕಿ ಕತ್ತಲೆಕೋಣೆಯಲ್ಲಿ ನೋಡಿದರೆ
ಒಳಗೆಲ್ಲ ಹಸಿರು, ಮಿಣುಕು ಹಸಿರು.
ಚೆಂದ ಕಂಡಿತು.
ಚೆಂದ ಕಂಡದ್ದಕ್ಕೆ ಒಂದು ಗಳಿಗೆ
ಕಣ್ಣು ತೆಗೆದು ಕೂತೆ.

ಕೌಂಟರಿನಲ್ಲಿ ಟೋಪಿ ತಿರುವುತ್ತ ಕೇಳಿದ:
‘ಹಾಗಾದರೆ ಅವು ತಿಂದದ್ದೇ ತಪ್ಪಾ?’
ಫಾರಂ ತುಂಬುತ್ತಿದ್ದೆ. ತಾಯಿಹಂದಿ: ಎರಡು ಸಾವಿರದ ನಾನೂರು.
ಕೊಟ್ಟಿಗೆಗೆ ಹೋಗುವವರು ಸ್ನಾನ ಮಾಡಿ ಹೋಗುತ್ತಾರಾ: ಹೌದು.
ಗಾಳಿ ಸೋಸುವ ಪರದೆ: ಇದೆ, ಒಂದು ಕಡೆ ಇಲಿ ಕಡಿದಿದೆ.
‘ತಿನ್ನದಿದ್ದರೆ ಧೂಳಿಗೇ ಸಾಯುತ್ತಿದ್ದವು,’ ಅಂದೆ.
ತಲೆಯಾಡಿಸಿದ. ಹೊರಗೆ ಪಿಕಪ್ಪು
ತನ್ನ ಪಾಡಿಗೆ ಉಸಿರಾಡುತ್ತಿತ್ತು.

ಉಳಿದ ನೀರನ್ನು ಬ್ಲೀಚಿನ ಬಕೆಟ್ಟಿಗೆ ಚೆಲ್ಲಿ,
ಮಿಂದು, ಬಟ್ಟೆ ಬದಲಿಸಿ ಹೊರಬಂದರೆ
ಕಾರಿಗೆ ಹೋಗುವಷ್ಟರಲ್ಲಿ ಒದ್ದೆ ಜಡೆ ಕಟ್ಟಿಗೆ.
ದೀರ್ಘವಾಗಿ ಉಸಿರೆಳೆದುಕೊಂಡೆ.
ಒಳಗೆ ಯಾರೋ, ಕೇಳದೆ, ತಿನ್ನುತ್ತಿದ್ದಾರೆ.

ಶೀತಪೀಪಾಯಿಯಲ್ಲಿ ಆರೋಗ್ಯದ ಹಂದಿಯೊಂದರ
ಹೊಟ್ಟೆಬಾಕರು ಎರಡು ಕೋಟಿ ಮಲಗಿದ್ದಾರೆ.
ಗುರುವಾರ ಎಬ್ಬಿಸಿ, ಬೆಚ್ಚಗೆ ಮಾಡಿ,
ಹೂಕ್‌ಸ್ಟ್ರಾನ ವೈರಸ್ಸನ್ನು ಬಡಿಸಬೇಕು.
ಬೇರೆ ಕಡೆ ಅದು ಸರಿಯಾಗಿ ಬೆಳೆಯುವುದಿಲ್ಲ.