ಮೂವತ್ತೈದಕ್ಕ ಒಂದು

ಹಗಲೆಲ್ಲಾ ಮಂದಿ ಬಾಯಿಗೆ ಹಲ್ಲು ಕಟ್ಟತೀನಿ.
ರಾತ್ರಿ ಒಂಬತ್ತಕ್ಕ ಶಟರ್ ಅರ್ಧ ಎಳದು
ಅದ ಮೇಣದ ಚಾಕು, ಅದ ಸಣ್ಣ ಇಕ್ಕಳ ಒರಸಿ
ಅದ ಮೇಜಿನ ಮ್ಯಾಲ
ಟ್ಯಾಂಕ್ ಕಟ್ಟತೀನಿ.

ಡಬ್ಬಿ ಮ್ಯಾಲ ಬರದಾರ: ಟಿ-ಐವತ್ತೈದು, ಮೂವತ್ತೈದಕ್ಕ ಒಂದು.
ಹಸರು ಪ್ಲಾಸ್ಟಿಕ್ಕಿನ ಚೌಕಟ್ಟಿಗೆ ಜೋತುಬಿದ್ದ ತುಣುಕು,
ಒಂದೊಂದಕ್ಕೂ ನಂಬರು.
ಕತ್ತರಿಸಿದಲ್ಲಿ ಉಳಿಯೋ ಮುಳ್ಳು ತಿಕ್ಕಬೇಕು.
ನಾಲಿಗಿಗೆ ಗೊತ್ತಾಗಬಾರದು ಅಂತೀವಲ್ಲ
ನಮ್ಮ ಕಸಬಿನ್ಯಾಗ, ಹಂಗ.

ಒಂದು ಕಡೆ ಐದು ಗಾಲಿ.
ಮೊದಲನೇದಕ್ಕೂ ಎರಡನೇದಕ್ಕೂ ನಡುವ ಸಂದಿ ದೊಡ್ಡದು.
ತಪ್ಪು ಜೋಡಿಸಿದ್ನೇನೋ ಅಂತ ಗಾಬರಿಯಾಗಿ ಚಿತ್ರ ನೋಡಿದೆ.
ಇಲ್ಲ, ಅದು ಹುಟ್ಟಿದ್ದ ಹಂಗ.
ಕೆಲವು ಬಾಯಿ ಇರತಾವು,
ಸಂದಿ ತುಂಬಿದ್ರ ಮಾರಿ ಬ್ಯಾರೆಯವರದಾಗತತಿ.

ಪಟ್ಟಿಗೆ ತೊಂಬತ್ತು ಕೊಂಡಿ.
ಅಂಟು ಪೂರಾ ಆರೂದರೊಳಗ ಗಾಲಿಗೆ ಸುತ್ತಬೇಕು,
ಮ್ಯಾಲಿನ ಸಾಲು ತುಸು ಜೋಲಬೇಕು
ಬೆಟಗೇರಿ ಓಣ್ಯಾಗ ಒಣಹಾಕಿದ ನೂಲಿನಂಗ.
ಅಷ್ಟರಾಗ ಗ್ವಾಡಿ ಆಚೆ ಬಾಕಳೇರ ಮಗ್ಗ ಸುರು:
ಖಟ್ ಖಟಾ, ಖಟ್ ಖಟಾ.
ಮೇಜು ನಡಗತತಿ, ಕೊಂಡಿ ನಡಗತಾವು,
ಕಟ್ಟಿ ಮುಗಿಯೂ ಮುಂಚೆನ
ಗಾಡಿ ಚಾಲು ಆಗಿ ನಿಂತಂಗ.

ಸಿ-ಇಪ್ಪತ್ತೇಳು ಇಕ್ಕಳದಿಂದ ಜಿಗಿದು ಹೋತು.
ಎಳ್ಳಿನಷ್ಟು ಹಿಡಿಕಿ.
ಕಡಪಾ ಕಲ್ಲಿನ ಮ್ಯಾಲ ಬ್ಯಾಟರಿ ಹಿಡದು ತಾಸು ತೆವಳಿದೆ.
ಹೋದ ದೀಪಾವಳಿಗೆ ಕಳಕೊಂಡಿದ್ದ ಒಂದು ದವಡಿ ಹಲ್ಲು ಸಿಕ್ತು.
ಹಿಡಿಕಿ ಸಿಗಲಿಲ್ಲ.
ಹಲ್ಲಿಗೆ ಕೊಕ್ಕಿ ಮಾಡೋ ತಂತೀನ ಬಗ್ಗಿಸಿ ಹಚ್ಚಿದೆ.

ಬಣ್ಣ ಆತು. ಉಳದದ್ದು ಮಣ್ಣು.
ಕಪ್ಪತಗುಡ್ಡದ ಕೆಂಪು, ಹೊಂಬಳ ದಾರಿಯ ಎರಿ,
ಎರಡನ್ನೂ ಶ್ರೀಖಂಡದ ಅರಿವ್ಯಾಗ ಸೋಸಿದೆ.
ಚಂದ್ರಕಲಾ ಎರಡು ದಿನ ಮಾತು ಬಿಟ್ಲು.

ಮ್ಯಾಲಿನ ಸೆಟ್ಟಿನ ಅಳತಿ ಕೊಡಾಕ ಬಂದಿದ್ರು ಫಕ್ಕೀರಪ್ಪ.
ಬೋಳು ಬಾಯಿ, ಇಸ್ತ್ರಿ ಅಂಗಿ.
ಕುರ್ಚಿಗೆ ಬರೂದು ಬಿಟ್ಟು ಮೇಜಿಗೆ ಬಗ್ಗಿದ್ರು.
‘ಇದು ಭಾಳ ಸ್ವಚ್ಛ ಹೊಲಸಾಗೇತಿ’ ಅಂದ್ರು.

‘ಮಣ್ಣು ಹಿಂಗ ಒಂದ ಸಮ ಕೂಡೂದಿಲ್ಲ, ತಮ್ಮಾ.
ಇಲ್ಲಿ ಕಾಲಿಟ್ಟು ಹತ್ತತಿದ್ವಿ,
ಬಣ್ಣ ಹೋಗಿ ಕಬ್ಬಣ ಹೊಳಿತಿತ್ತು.
ಇಲ್ಲಿ ಎಣ್ಣಿ ಸೋರತಿತ್ತು, ಯಾರೇನ ಮಾಡಿದ್ರೂ ಸೋರತಿತ್ತು.
ಇಲ್ಲಿ ಚಹಾದ ಡಬ್ಬಿ.’
ಆಮ್ಯಾಲ ಬೆರಳು ಮುಂದ ಸರೀತು, ನಿಂತು,
‘ಇದನ್ನ್ಯಾಕ ಮುಚ್ಚೀದಿ?’

ಒಳಗ ಏನೂ ಕೊಟ್ಟಿಲ್ರಿ, ಬರೇ ಖಾಲಿ,
ಕಾಣಬಾರದಂತ ಅಂಟಿಸೇನಿ, ಅಂದೆ.

‘ನಾ ಇದರಾಗ ಕುಂತಿದ್ದೆ. ಹದಿಮೂರು ದಿವಸ.’
ಹೆಬ್ಬೆರಳು ಒಂದರಾಗ
ಅವರ ಆ ಮುಚ್ಚಳ ಪೂರಾ ಮುಚ್ಚಿ ಹೋಗಿತ್ತು.
ಬಾಯಿ ತಗೀರಿ ಅಂದೆ. ತಗದ್ರು.
ಅಳತಿ ತಗೊಂಡೆ.

ಆ ರಾತ್ರಿ ಚಾಕು ತುದಿ ಹಾಕಿ ಮೀಟಿದೆ.
ಬಣ್ಣ ಸೀಳಿತು, ಮುಚ್ಚಳ ಬಂತು.
ಒಳಗ ನನ್ನ ಅಂಟಿನ ಬೆರಳಗುರ್ತು,
ಅಚ್ಚಿನವರ ಒಂದು ನಂಬರು.
ಕರೇ ಬಣ್ಣ ಬಿಟ್ಟು ತಗದ ಇಟ್ಟೆ.
ಒಸಡಿನ ಬಣ್ಣದ ಅಕ್ರಿಲಿಕ್ ಉಳದಿತ್ತು,
ಅದರಾಗ ಚಹಾದ ಡಬ್ಬಿ ಕೊರದೆ,
ನುಚ್ಚಿನಷ್ಟು, ಹಿಡಿಕಿ ಸುದ್ದಾ.

ಸೋಮವಾರ ಮತ್ತ ಬಂದ್ರು. ಎಡಕ್ಕ ಚುಚ್ಚತತಿ ಅಂತ.
ಸೆಟ್ ತಗದು ಟ್ಯಾಂಕಿನ ಬಾಜೂ ಇಟ್ರು.
ಡಬ್ಬಿ ನೋಡಿದ್ರೋ ಇಲ್ಲೋ, ಏನೂ ಅನ್ನಲಿಲ್ಲ.
ಬಾಕಳೇರ ಮಗ್ಗ ಸುರುವಾತು.
ಹಲ್ಲೂ ಟ್ಯಾಂಕೂ ಕೂಡೇ ಕಟಕಟ ಅನ್ನಾಕ ಹತ್ತಿದ್ವು.

ಫಕ್ಕೀರಪ್ಪ ಅಂಗೈ ಚಾಚಿ ಟ್ಯಾಂಕಿನ ಮ್ಯಾಲ ಇಟ್ರು,
ಬೆದರಿದ ಎತ್ತಿನ ಬೆನ್ನ ಮ್ಯಾಲ ಇಡತಾರಲ್ಲ, ಹಂಗ.
ಅದು ನಿಂತಿತು.
ಹಲ್ಲು ನಡಗಕೋತನ ಇದ್ವು.